ಒಣಗಲು ಹಾಕಿದ ಅಡಿಕೆ ಕಳವಾದರೆ ದೂರು ಕೊಡುವುದು ಹೇಗೆ?

ಬೈಕಿಗೆ ಚಾಸಿಸ್ ನಂಬರ್ ಇದೆ, ಮೊಬೈಲಿಗೆ ಐಎಂಇಐ ಇದೆ. ಅಡಿಕೆಗೆ ಏನೂ ಇಲ್ಲ. ಬೇರೆಯವರ ರಾಶಿಗೆ ಬೆರೆತ ಮೇಲೆ ನಿಮ್ಮದು ಯಾವುದೆಂದು ಮಂಡಿಯವರೂ (ಅಡಿಕೆ ಸಗಟು ವ್ಯಾಪಾರದವರು) ಹೇಳಲಾರರು. ಆದ್ದರಿಂದ ಗೊತ್ತಾದ ದಿನವೇ ಠಾಣೆಗೆ ಹೋಗಿ. ಊರಲ್ಲೇ ವಿಚಾರಿಸೋಣ ಎಂದು ವಾರ ತಳ್ಳಿದರೆ ಮಾಲು ಮಾರಿಹೋಗಿರುತ್ತದೆ.

ಹೊರಡುವ ಮುಂಚೆ ಮನೆಯವರೇ ಯಾರಾದರೂ ಚೀಲ ಸಾಗಿಸಿದ್ದಾರಾ ಎಂದು ಕೇಳಿಕೊಳ್ಳಿ. ಫಸಲನ್ನು ಗುತ್ತಿಗೆಗೆ ಹಿಡಿದ ಚೇಣಿದಾರನ ಜೊತೆಗಿನ ಲೆಕ್ಕದ ತಕರಾರನ್ನು ಕಳ್ಳತನ ಎಂದು ಬರೆಸಬೇಡಿ. ಸುಳ್ಳೆಂದು ಗೊತ್ತಿದ್ದೂ ದೂರು ಕೊಡುವುದು ಅಪರಾಧ.

ಅಂಗಳ ಗುಡಿಸಬೇಡಿ. ಹೆಚ್ಚಿನವರು ಗಾಬರಿಯಲ್ಲಿ ಮೊದಲು ಮಾಡುವುದೇ ಇದು: ಉಳಿದ ಅಡಿಕೆ ಬಾಚಿ ಒಳಗೆ ಹಾಕುತ್ತಾರೆ, ಆಮೇಲೆ ಮಹಜರಿಗೆ ಬಂದವರಿಗೆ ನೋಡಲು ಏನೂ ಉಳಿದಿರುವುದಿಲ್ಲ. ಮುರಿದ ಬೀಗ ಮುಟ್ಟದೆ ಫೋಟೊ ತೆಗೆಯಿರಿ. ಮಳೆ ಬರುವಂತಿದ್ದರೆ ಹೆಜ್ಜೆ, ಟೈರಿನ ಗುರುತುಗಳ ಮೇಲೆ ಬಾಂಡ್ಲಿ ಕವುಚಿಡಿ. ನಮ್ಮ ಕಡೆಯ ಮಳೆಗೆ ಅರ್ಧ ಗಂಟೆ ಸಾಕು ಎಲ್ಲ ತೊಳೆದುಹೋಗಲು. ಕಳ್ಳರು ಇನ್ನೂ ಹತ್ತಿರದಲ್ಲೇ ಇದ್ದಾರೆ ಅನ್ನಿಸಿದರೆ 112ಕ್ಕೆ ಫೋನ್ ಮಾಡಿ.

ದೂರಿನಲ್ಲಿ 'ಅಡಿಕೆ ಕಳವಾಗಿದೆ' ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಅಡಿಕೆ ಯಾವ ಬಗೆಯದು (ರಾಶಿ ಇಡಿಯೋ, ಬೆಟ್ಟೆಯೋ, ಸುಲಿಯದ್ದೋ), ಎಷ್ಟು ಒಣಗಿತ್ತು, ಎಷ್ಟು ಚೀಲ, ಅಂದಾಜು ತೂಕ, ಅಂದಿನ ಮಂಡಿ ದರದಲ್ಲಿ ಬೆಲೆ ಎಷ್ಟು ಎಂಬುದೆಲ್ಲ ಇರಲಿ. ಚೀಲದ ಮೇಲೆ ಬಣ್ಣದಲ್ಲಿ ಬರೆದ ಅಕ್ಷರ, ಬಾಯಿ ಹೊಲಿದ ದಾರದ ಬಣ್ಣ ನೆನಪಿದ್ದರೆ ಖಂಡಿತ ಬರೆಯಿರಿ, ನಂಬರಿಲ್ಲದ ಮಾಲಿಗೆ ಅದೇ ಗುರುತು. ಕೊನೆಯ ಸಲ ನೋಡಿದ್ದು ಎಷ್ಟು ಹೊತ್ತಿಗೆ, ಇಲ್ಲವೆಂದು ಗೊತ್ತಾಗಿದ್ದು ಎಷ್ಟು ಹೊತ್ತಿಗೆ ಎಂದು ಬೇರೆಬೇರೆಯಾಗಿ ಹೇಳಿ. ತೂಕ ಉಬ್ಬಿಸಬೇಡಿ. ನಿಮ್ಮ ಪಹಣಿಗೂ ಹಿಂದಿನ ವರ್ಷದ ಮಂಡಿ ಪಟ್ಟಿಗೂ ತಾಳೆಯಾಗದಿದ್ದರೆ ಇಡೀ ದೂರೇ ಸಡಿಲವಾಗುತ್ತದೆ. ಯಾರ ಮೇಲಾದರೂ ಸಂಶಯವಿದ್ದರೆ ಕಾರಣ ಸಮೇತ 'ಅನುಮಾನವಿದೆ' ಎನ್ನಿ, 'ಅವನೇ ಕದ್ದ' ಎನ್ನಬೇಡಿ.

ಎಲ್ಲಿಂದ ಹೋಯಿತು ಎಂಬುದೂ ಮುಖ್ಯ. ಅಂಗಳದಿಂದ 5,000 ರೂಪಾಯಿಗಿಂತ ಕಡಿಮೆ ಬೆಲೆಯದು ಹೋದರೆ ಸಾಮಾನ್ಯವಾಗಿ ಎಫ್‌ಐಆರ್ ಬದಲು ಎನ್‌ಸಿಆರ್ (ಕೋರ್ಟಿನ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದ ಅಪರಾಧದ ದಾಖಲೆ) ಆಗುತ್ತದೆ. ಮನೆ ಅಥವಾ ಗೋದಾಮಿನೊಳಗಿಂದ ಹೋಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ. ಅದರಲ್ಲಿ ಈ ಮಿತಿ ಇಲ್ಲ.

ಓದಿ ನೋಡಿಯೇ ಸಹಿ ಹಾಕಿ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಮನೆ ತೀರ್ಥಹಳ್ಳಿ ಕಡೆ, ತೋಟ ಹೊಸನಗರ ಕಡೆ ಇದ್ದರೂ ಚಿಂತೆಯಿಲ್ಲ: 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ವ್ಯಾಪ್ತಿ ಯಾವುದೇ ಇರಲಿ, ದೂರು ತೆಗೆದುಕೊಳ್ಳಬೇಕು. ಆನ್‌ಲೈನ್‌ನಲ್ಲಿ ಕಳಿಸಿದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಪೊಲೀಸರ ಆನ್‌ಲೈನ್ ಸೇವೆಯಾದ ಇ-ಲಾಸ್ಟ್‌ನಲ್ಲಿ ಹಾಕಬೇಡಿ, ಅದು ಕಳೆದುಹೋದ ವಸ್ತುವಿಗೆ ಮಾತ್ರ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ರಿಜಿಸ್ಟರ್ ಪೋಸ್ಟ್ ಮಾಡಿ. ಅದಕ್ಕೂ ಬಗ್ಗದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಕೋರ್ಟು.

ಅದೇ ದಿನ ಅಡಿಕೆ ಮಾರಾಟದ ಸಹಕಾರ ಸಂಘವಾದ ಮಾಮ್ಕೋಸ್‌ಗೂ ಎಪಿಎಂಸಿ ವರ್ತಕರಿಗೂ ಚೀಲದ ಗುರುತು ತಿಳಿಸಿ.

ಮಾಲು ಸಿಕ್ಕರೂ ಠಾಣೆಯಿಂದ ನೇರ ಮನೆಗೆ ಬರುವುದಿಲ್ಲ, ಕೋರ್ಟಿನ ಆದೇಶ ಬೇಕು. ಜಪ್ತಿಯಾದ ಅಡಿಕೆ ಥಂಡಿಗೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ವಿಚಾರಣೆ ಮುಗಿಯಲೆಂದು ಕಾಯದೆ, ಮಧ್ಯಂತರವಾಗಿ ನಮ್ಮ ವಶಕ್ಕೆ ಕೊಡಿ ಎಂದು ಕೂಡಲೇ ಅರ್ಜಿ ಹಾಕಿಸಿ. ಬಿಡಿಸಿಕೊಳ್ಳುವಾಗ ಪೊಲೀಸರ ಎದುರೇ ತೂಕ ಹಾಕಿಸಿ.