ಪಿಸ್ಟನ್ ಮುಟ್ಟದೆ ಕಾಂಟೆಸ್ಸಾ ಪಿಕಪ್ ಹೆಚ್ಚಿಸುವುದು ಹೇಗೆ?

ಮಲೆನಾಡಿನ ತೋಟದ ಮನೆಗಳ ಶೆಡ್ಡುಗಳಲ್ಲಿ ಅಡಿಕೆ ಚೀಲಗಳ ಪಕ್ಕ ಇನ್ನೂ ಕೆಲವು ಕಾಂಟೆಸ್ಸಾ ಕಾರುಗಳು, ಹಿಂದೂಸ್ತಾನ್ ಮೋಟರ್ಸ್ ತಯಾರಿಸಿದ್ದು, ನಿಂತಿವೆ. ಉದ್ದನೆಯ ಬಾನೆಟ್, ಅಗಲ ಮೈ, ಹಿಂದಿನ ಚಕ್ರಕ್ಕೆ ಎಂಜಿನ್ ಬಲ. 1964ರಲ್ಲಿ ಅಮೆರಿಕದಲ್ಲಿ ಪಾಂಟಿಯಾಕ್ ಜಿಟಿಓ ಬಂದ ಮೇಲೆ ಮಸಲ್ ಕಾರ್‌ಗಳ, ಅಂದರೆ ದೊಡ್ಡ ಎಂಜಿನ್‌ನ ಬಲಶಾಲಿ ಕಾರುಗಳ ಹುಚ್ಚು ಶುರುವಾಯಿತಲ್ಲ, ಆ ಠೀವಿಗೆ ನಮ್ಮ ದೇಶದಲ್ಲಿ ಹತ್ತಿರ ಬಂದದ್ದು ಈ ಕಾರು. ಆದರೆ ಅಲ್ಲಿ ಎಂಟು ಸಿಲಿಂಡರ್, ಇಲ್ಲಿ ನಾಲ್ಕು. ಮೊದಲು ಅಂಬಾಸಿಡರ್‌ನ 1.5 ಲೀಟರ್ ಎಂಜಿನ್ ಇತ್ತು. ಆಮೇಲೆ ಇಸುಜುವಿನ 1.8 ಲೀಟರ್ ಪೆಟ್ರೋಲ್ ಎಂಜಿನ್ ಬಂತು: 1817 ಸಿಸಿ, 85ರಿಂದ 88 ಅಶ್ವಶಕ್ತಿ. 2002ಕ್ಕೆ ತಯಾರಿಕೆಯೇ ನಿಂತಿತು.

ಈ ಲೇಖನ ಆ 1.8 ಪೆಟ್ರೋಲ್ ಕಾರಿನ ಬಗ್ಗೆ. ಪಿಸ್ಟನ್, ರಿಂಗ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಎಲ್ಲ ಕಂಪನಿಯಿಂದ ಬಂದ ಹಾಗೆಯೇ ಇರಲಿ. ಅವುಗಳನ್ನು ಬಿಚ್ಚಿದರೆ ಒಳ್ಳೆಯ ಬಿಡಿಭಾಗ ಸಿಗುವುದು ಈಗ ಬಹಳ ಕಷ್ಟ. ಒಳಗಿನದನ್ನು ಮುಟ್ಟದೆ ಹೊರಗಿನಿಂದಲೇ ಎಷ್ಟು ಸಾಧ್ಯ ಅಂತ ನೋಡೋಣ. 88 ಇದ್ದದ್ದು ನೂರರ ಆಸುಪಾಸಿಗೆ ಬಂದರೆ ಅದೇ ದೊಡ್ಡದು. ಎರಡರಷ್ಟಾಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆರ್‌ಪಿಎಂ ಏರಿಸಬೇಡಿ

ಮೊದಲು ಇದೊಂದು ವಿಷಯ ಮನಸ್ಸಿನಲ್ಲಿಟ್ಟುಕೊಳ್ಳಿ. ಆರ್‌ಪಿಎಂ ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು. ಎಂಜಿನ್ ಜೋರಾಗಿ ತಿರುಗಿದಷ್ಟೂ ರಾಡ್ ಮತ್ತು ಅದರ ಬೋಲ್ಟ್‌ಗಳ ಮೇಲೆ ಬೀಳುವ ಎಳೆತ ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ ಏರುತ್ತದೆ. 5000ದಿಂದ 6000ಕ್ಕೆ ಹೋದರೆ ವೇಗ ಹೆಚ್ಚಿದ್ದು ಶೇ 20. ಎಳೆತ ಹೆಚ್ಚಿದ್ದು ಶೇ 44. ಹಳೆಯ ರಾಡ್ ಇಟ್ಟುಕೊಂಡು ಆರ್‌ಪಿಎಂ ಬೆನ್ನಟ್ಟುವುದು ಸರಿಯಲ್ಲ. ಅದೇ ಆರ್‌ಪಿಎಂನಲ್ಲಿ ಸಿಲಿಂಡರ್‌ಗೆ ಇನ್ನಷ್ಟು ಗಾಳಿ ತುಂಬಬೇಕು, ತುಂಬಿದ್ದು ಸರಿಯಾದ ಹೊತ್ತಿಗೆ ಉರಿಯಬೇಕು. ನಮ್ಮ ಕೆಲಸ ಅಷ್ಟೇ. ಘಾಟಿ ಏರುವವರಿಗೆ ಬೇಕಾದದ್ದೂ ಇದೇ ಅಲ್ವಾ? ಆಗುಂಬೆಯ 14 ತಿರುವುಗಳಲ್ಲಿ 6000 ಆರ್‌ಪಿಎಂ ಯಾರಿಗೂ ಬೇಕಾಗುವುದಿಲ್ಲ. ತಿರುವು ದಾಟಿದ ಕೂಡಲೇ 2000ದಿಂದ 3500ರ ಮಧ್ಯೆ ಸಿಗುವ ಎಳೆತ ಬೇಕು.

ಹಂತ 1: ಎಂಜಿನ್ ಆರೋಗ್ಯ ನೋಡಿ

ಇಷ್ಟು ವಯಸ್ಸಾದ ಎಂಜಿನ್‌ನಲ್ಲಿ ಕಂಪನಿ ಕೊಟ್ಟ ಬಲವೇ ಪೂರ್ತಿ ಉಳಿದಿರುವುದಿಲ್ಲ. ಕಳೆದುಹೋದದ್ದನ್ನು ವಾಪಸ್ ತರುವುದೇ ಅರ್ಧ ಕೆಲಸ.

ಎಂಜಿನ್ ಬಿಸಿ ಮಾಡಿ ನಿಲ್ಲಿಸಿ. ಕಾಯಿಲ್‌ನ ವೈರ್ ಬಿಚ್ಚಿ, ನಾಲ್ಕೂ ಪ್ಲಗ್ ತೆಗೆಯಿರಿ. ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜನ್ನು ಒಂದು ಪ್ಲಗ್ ತೂತಿಗೆ ಹಾಕಿ. ಒಬ್ಬರು ಎಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಲಿ. ಮುಳ್ಳು ಮೊದಲ ಸುತ್ತಿಗೇ ಚೆನ್ನಾಗಿ ಎದ್ದು, ನಾಲ್ಕೈದು ಸುತ್ತಿನಲ್ಲಿ ಒಂದು ಕಡೆ ನಿಲ್ಲಬೇಕು. ನಾಲ್ಕೂ ಸಿಲಿಂಡರ್ ಬರೆದುಕೊಳ್ಳಿ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳ ಮಧ್ಯೆ ಶೇ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು.

ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಸೋರುತ್ತಿದೆ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಕಡಿಮೆ ಬಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ವಾಲ್ವ್ ಆದರೆ ಹೆಡ್ ಇಳಿಸಿ ಗ್ರೈಂಡಿಂಗ್ ಮಾಡಿಸಿದರೆ ಮುಗಿಯಿತು. ರಿಂಗ್ ಹೋಗಿದ್ದರೆ ಈ ಲೇಖನ ಪಕ್ಕಕ್ಕಿಡಿ. ಆ ಎಂಜಿನ್‌ಗೆ ಬೇಕಿರುವುದು ಚಿಕಿತ್ಸೆ, ಪಿಕಪ್ ಅಲ್ಲ.

ವ್ಯಾಕ್ಯೂಮ್ ಗೇಜ್ ಸಿಕ್ಕರೆ ಇನ್ನೂ ಒಳ್ಳೆಯದು. ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಸಿಕ್ಕಿಸಿ, ಐಡ್ಲಿಂಗ್‌ನಲ್ಲಿ ನೋಡಿ. ಸಮುದ್ರ ಮಟ್ಟದಲ್ಲಿ ಪಾದರಸದ ಲೆಕ್ಕದಲ್ಲಿ 18ರಿಂದ 21 ಇಂಚು ಬರಬೇಕು ಅಂತಾರೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಇಳಿಯುತ್ತದೆ. ಶಿವಮೊಗ್ಗ ಸುಮಾರು 570 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಇಲ್ಲಿ ಎರಡು ಇಂಚು ಕಡಿಮೆ ಬಂದರೆ ಗಾಬರಿ ಬೇಡ. ಮುಳ್ಳು ಅಲುಗದೆ ನಿಂತಿರುವುದು ಮುಖ್ಯ. ಒಂದೇ ತಾಳದಲ್ಲಿ ಪದೇ ಪದೇ ಜಿಗಿದರೆ ಯಾವುದೋ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ಅನ್ನು ಸರ್ವಿಸ್ ಪುಸ್ತಕದಲ್ಲಿರುವ ಅಳತೆಗೇ ಸೆಟ್ ಮಾಡಿಸಿ, ಆಮೇಲೆ ಇನ್ನೊಮ್ಮೆ ಗೇಜ್ ನೋಡಿ.

ಹಂತ 2: ತಣ್ಣನೆಯ ಗಾಳಿ

ಅಂಗಡಿಯಲ್ಲಿ ಸಿಗುವ ತೆರೆದ ಫಿಲ್ಟರ್ ಹಾಕಿದರೆ ಸದ್ದು ಚೆನ್ನಾಗಿ ಬರುತ್ತದೆ. ಆದರೆ ಅದು ಎಳೆದುಕೊಳ್ಳುವುದು ಬಾನೆಟ್ ಒಳಗಿನ ಬಿಸಿ ಗಾಳಿಯನ್ನು. ಬಿಸಿ ಗಾಳಿ ತೆಳು. ಒಳಗೆ 60 ಡಿಗ್ರಿ ಇದ್ದು ಹೊರಗೆ 25 ಡಿಗ್ರಿ ಇದ್ದರೆ, ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ 10ಕ್ಕಿಂತ ಜಾಸ್ತಿ ಸಿಗುತ್ತದೆ. ಮಲೆನಾಡಿನ ತಂಪು ಪುಕ್ಕಟೆ ಸಿಗುವ ಅಶ್ವಶಕ್ತಿ, ಸುಮ್ನೆ ಬಿಡಬೇಡಿ. ಹಳೆಯ ಫಿಲ್ಟರ್ ಡಬ್ಬಿಯನ್ನೇ ಇಟ್ಟುಕೊಂಡು, ಅದರ ಮೂತಿಗೆ ಅಗಲದ ಪೈಪ್ ಜೋಡಿಸಿ, ಗ್ರಿಲ್ ಹಿಂದಿನಿಂದ ಗಾಳಿ ಬರುವ ಹಾಗೆ ಮಾಡಿ. ಪೈಪ್ ಬಾಯಿ ಎತ್ತರದಲ್ಲಿರಲಿ, ಕೆಳಮುಖವಾಗಿರಲಿ. ಆಷಾಢದ ಮಳೆಯಲ್ಲಿ ಕಾಗದದ ಫಿಲ್ಟರ್ ಒದ್ದೆಯಾದರೆ ಎಂಜಿನ್ ಉಸಿರು ಕಟ್ಟುತ್ತದೆ.

ಹಂತ 3: ಕಾರ್ಬ್ಯುರೇಟರ್ ಮತ್ತು ಈಗಿನ ಪೆಟ್ರೋಲ್

ಇಲ್ಲಿ ಸ್ವಲ್ಪ ನಿಧಾನಿಸಿ. ಕಾಂಟೆಸ್ಸಾ ತಯಾರಾದಾಗ ಇದ್ದ ಪೆಟ್ರೋಲೇ ಬೇರೆ, ಈಗ ಬಂಕ್‌ನಲ್ಲಿ ಸಿಗುವುದೇ ಬೇರೆ. ಈಗಿನದು ಇ20, ಅಂದರೆ ಶೇ 20 ಎಥೆನಾಲ್. ಬರೀ ಪೆಟ್ರೋಲ್ ಸರಿಯಾಗಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಇ20ಗೆ ಸುಮಾರು 13.5 ಪಾಲು ಸಾಕು. ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗವೇ ಜೆಟ್. ಹಳೆಯ ಜೆಟ್‌ನಲ್ಲಿ ಮೊದಲಿನಷ್ಟೇ ಪೆಟ್ರೋಲ್ ಬರುತ್ತದೆ, ಹಾಗಾಗಿ ಮಿಶ್ರಣ ತೆಳುವಾಗುತ್ತದೆ. ಏರಿನಲ್ಲಿ ಎಂಜಿನ್ ಬಿಸಿಯಾಗಿ ಮುಗ್ಗರಿಸುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಲೆಕ್ಕ ಸುಲಭ. ಸುಮಾರು ಶೇ 8ರಷ್ಟು ಪೆಟ್ರೋಲ್ ಜಾಸ್ತಿ ಬೇಕು. ಜೆಟ್ ಮೇಲಿನ ಅಂಕಿ ಸಾಮಾನ್ಯವಾಗಿ ತೂತಿನ ಅಗಲ, ಮಿಲಿಮೀಟರ್‌ನ ನೂರನೇ ಭಾಗದಲ್ಲಿ. ಉದಾಹರಣೆಗೆ 120 ಇರುವ ಕಡೆ 125 ಹಾಕಿದರೆ ತೂತಿನ ವಿಸ್ತಾರ ಶೇ 8.5 ಹೆಚ್ಚುತ್ತದೆ. ಅಷ್ಟು ಸಾಕು. ಹಳೆಯ ಜೆಟ್‌ಗೆ ಸೂಜಿ ಹಾಕಿ ಅಗಲ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ತೂತು ಓರೆಯಾದರೆ ಮತ್ತೆ ಯಾವ ಲೆಕ್ಕವೂ ಸಿಗುವುದಿಲ್ಲ.

ಜೆಟ್ ಬದಲಿಸಿದ ಮೇಲೆ ಉದ್ದದ ಏರೊಂದನ್ನು ಹತ್ತಿ, ಎಂಜಿನ್ ಆಫ್ ಮಾಡಿ ಪಕ್ಕಕ್ಕೆ ನಿಲ್ಲಿಸಿ. ಬಿಸಿ ಆರಿದ ಮೇಲೆ ಪ್ಲಗ್ ತೆಗೆದು ನೋಡಿ. ತಿಳಿ ಕಂದು ಇದ್ದರೆ ಸರಿ. ಸುಣ್ಣದಂತೆ ಬೆಳ್ಳಗಿದ್ದು ತುದಿಯಲ್ಲಿ ಸಣ್ಣ ಗುಳ್ಳೆ ಕಂಡರೆ ಮಿಶ್ರಣ ತೆಳು. ಮಸಿ ಹಿಡಿದಿದ್ದರೆ ಜಾಸ್ತಿಯಾಗಿದೆ. ಇ20ರಲ್ಲಿ ಬಣ್ಣ ಮೊದಲಿಗಿಂತ ಸ್ವಲ್ಪ ತಿಳಿಯಾಗಿಯೇ ಬರುತ್ತದೆ, ಅದನ್ನು ನೆನಪಿಡಿ. ಖರ್ಚು ಮಾಡಲು ಮನಸ್ಸಿದ್ದರೆ ಎಕ್ಸಾಸ್ಟ್‌ಗೆ ಗಾಳಿ-ಪೆಟ್ರೋಲ್ ಪ್ರಮಾಣ ತೋರಿಸುವ ವೈಡ್‌ಬ್ಯಾಂಡ್ ಸೆನ್ಸರ್ ವೆಲ್ಡ್ ಮಾಡಿಸಿ. ಊಹೆ ಮಾಡುವ ಕೆಲಸವೇ ಇರುವುದಿಲ್ಲ.

ಪೆಟ್ರೋಲ್ ಹೋಗುವ ಹಳೆಯ ರಬ್ಬರ್ ಪೈಪ್‌ಗಳನ್ನೆಲ್ಲ ಎಥೆನಾಲ್ ತಡೆಯುವಂಥವಕ್ಕೆ ಬದಲಿಸಿ. ಇದು ಪಿಕಪ್ ಮಾತಲ್ಲ, ಬೆಂಕಿಯ ಮಾತು. ಎಥೆನಾಲ್ ತೇವ ಹೀರುತ್ತದೆ. ಮಳೆಗಾಲದಲ್ಲಿ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರೆ, ಟ್ಯಾಂಕ್‌ನಲ್ಲಿರುವ ಹಳೆಯ ಪೆಟ್ರೋಲ್ ಇಳಿಸಿಯೇ ಹೊಸದು ಹಾಕಿ.

ಹಂತ 4: ಕಿಡಿ

ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಪಾಯಿಂಟ್ ಇರುವಂಥದ್ದಾದರೆ ಎಲೆಕ್ಟ್ರಾನಿಕ್ ಕಿಟ್ ಹಾಕಿಸಿ. ಪಾಯಿಂಟ್ ಸವೆದಂತೆ ಟೈಮಿಂಗ್ (ಕಿಡಿ ಹಾರುವ ಹೊತ್ತು) ಜಾರುತ್ತದೆ, ಇದರಲ್ಲಿ ಆ ತಲೆನೋವಿಲ್ಲ. ಕ್ಯಾಪ್, ರೋಟರ್, ಹೈಟೆನ್ಶನ್ ವೈರ್ ಹೊಸದಿರಲಿ. ನಮ್ಮ ಮಳೆಗೆ ಹಳೆಯ ವೈರ್‌ನಿಂದ ಕಿಡಿ ಆಚೀಚೆ ಹಾರುತ್ತದೆ. ರಾತ್ರಿ ಬಾನೆಟ್ ಎತ್ತಿ ನೋಡಿದರೆ ನೀಲಿ ಗೆರೆ ಕಣ್ಣಿಗೇ ಕಾಣುತ್ತದೆ.

ಆಮೇಲೆ ಟೈಮಿಂಗ್. ಕ್ರ್ಯಾಂಕ್ ಪುಲ್ಲಿಯ ಗುರುತಿಗೆ ಬಿಳಿ ಬಣ್ಣ ಹಚ್ಚಿ. ಡಿಸ್ಟ್ರಿಬ್ಯೂಟರ್‌ಗೆ ಬರುವ ವ್ಯಾಕ್ಯೂಮ್ ಪೈಪ್ ಬಿಚ್ಚಿ ಅದರ ಬಾಯಿ ಮುಚ್ಚಿ. ಟೈಮಿಂಗ್ ಲೈಟ್ ಹಿಡಿದು ಪುಸ್ತಕದ ಅಳತೆಗೆ ತನ್ನಿ. ಈಗ ನಿಧಾನವಾಗಿ ಎಕ್ಸಿಲರೇಟರ್ ಕೊಟ್ಟು 3000ಕ್ಕೆ ಒಯ್ಯಿರಿ. ಆ ಬಿಳಿ ಗೆರೆ ನುಣ್ಣಗೆ ಸರಿಯಬೇಕು. ತಡೆದು ತಡೆದು ಸರಿದರೆ ಡಿಸ್ಟ್ರಿಬ್ಯೂಟರ್ ಒಳಗಿನ ತೂಕ, ಸ್ಪ್ರಿಂಗ್‌ಗಳಿಗೆ ತುಕ್ಕು ಹಿಡಿದಿದೆ. ಬಿಚ್ಚಿ ಶುಚಿ ಮಾಡಿಸಿ. ಶೆಡ್ಡಿನಲ್ಲಿ ನಿಂತ ಕಾರುಗಳ ಪಿಕಪ್ ತಿನ್ನುವುದು ಮುಖ್ಯವಾಗಿ ಇದೇ.

ಇ20ಯ ಆಕ್ಟೇನ್ ಹಳೆಯ ಪೆಟ್ರೋಲಿಗಿಂತ ಹೆಚ್ಚು, ಸುಮಾರು 95. ಹಾಗಾಗಿ ಟೈಮಿಂಗ್ ಸ್ವಲ್ಪ ಮುಂದಕ್ಕೆ ತರಲು ಜಾಗ ಇದೆ. ಒಂದೊಂದೇ ಡಿಗ್ರಿ ತನ್ನಿ. ಪ್ರತಿ ಸಲವೂ ಮೂರನೇ ಗೇರ್‌ನಲ್ಲಿ ಏರು ಹತ್ತಿ, ರೇಡಿಯೋ ಆಫ್ ಮಾಡಿ, ಕಿಟಕಿ ಇಳಿಸಿ ಕೇಳಿ. ಕಟಕಟ ಅಂತ ಕುಟ್ಟುವ ಸದ್ದು ಬಂದ ತಕ್ಷಣ ಎರಡು ಡಿಗ್ರಿ ಹಿಂದಕ್ಕೆ. ಈ ನಾಕಿಂಗ್ ಇದೆಯಲ್ಲ, ಹಳೆಯ ಪಿಸ್ಟನ್‌ಗೆ ಹೆಚ್ಚಿನ ಬಲಕ್ಕಿಂತ ಇದೇ ದೊಡ್ಡ ಶತ್ರು. ರಿಂಗ್ ಕೂರುವ ಅಂಚು ಮುರಿಯುವುದು, ಪಿಸ್ಟನ್ ತಲೆ ತೂತಾಗುವುದು ಎಲ್ಲ ಇದರಿಂದ. ಅದಕ್ಕೇ, ಸಿಲಿಂಡರ್ ಒಳಗಿನ ಒತ್ತಡ ಏರಿಸಿ ನಾಕಿಂಗ್‌ಗೆ ದಾರಿ ಮಾಡುವ ಟರ್ಬೋ ಹಾಕಿಸುವ ಯೋಚನೆಯನ್ನೂ, ಹೆಡ್ ಜಾಸ್ತಿ ಕೆತ್ತಿಸುವ ಯೋಚನೆಯನ್ನೂ ನಾನು ಒಪ್ಪುವುದಿಲ್ಲ.

ಹಂತ 5: ಹೊಗೆ ಹೋಗುವ ದಾರಿ

ಒಳಗೆ ತುಂಬಿದ್ದು ಸಲೀಸಾಗಿ ಹೊರಗೆ ಹೋಗಬೇಕು. ಎರಕದ ಮ್ಯಾನಿಫೋಲ್ಡ್ ಬದಲು ಪೈಪ್‌ನ ಹೆಡರ್ ಮಾಡಿಸಿ. ನಾಲ್ಕು ಪೈಪ್ ಎರಡಾಗಿ, ಎರಡು ಒಂದಾಗುವ ಮಾದರಿ ಘಾಟಿಗೆ ಒಳ್ಳೆಯದು, ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಕೊಡುತ್ತದೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಪೈಪ್ ಬಗ್ಗಿಸುವುದರಲ್ಲಿ ಕೈ ಪಳಗಿದವರನ್ನು ವಿಚಾರಿಸಿ. ನಾಲ್ಕೂ ಪೈಪ್ ಉದ್ದ ಹೆಚ್ಚು ಕಡಿಮೆ ಸಮ ಇರಲಿ ಅಂತ ಮೊದಲೇ ಹೇಳಿ. ಹೆಡರ್‌ನಿಂದ ಹಿಂದಕ್ಕೆ ಎರಡು ಇಂಚಿನ ಪೈಪ್ ಸಾಕು. ಅದಕ್ಕಿಂತ ದಪ್ಪ ಹಾಕಿದರೆ ಹೊಗೆಯ ವೇಗ ಕುಗ್ಗಿ, ಏರಿನಲ್ಲಿ ಎಳೆತ ಕಡಿಮೆಯಾಗುತ್ತದೆ. ಸೈಲೆನ್ಸರ್ ಮಾತ್ರ ತೆಗೆಸಬೇಡಿ. ಸದ್ದು ಜಾಸ್ತಿಯಾದರೆ ಬಲ ಜಾಸ್ತಿಯಾಯಿತು ಅಂತಲ್ಲ.

ಹಂತ 6: ಬಿಸಿ ತಡೆಯಿರಿ

"ಸಾರ್, ಥರ್ಮೋಸ್ಟಾಟ್ ಕಿತ್ತು ಬಿಸಾಕಿ, ಎಂಜಿನ್ ತಣ್ಣಗಿರುತ್ತೆ" ಅನ್ನುವ ಮೆಕ್ಯಾನಿಕ್ ಪ್ರತಿ ಊರಿನಲ್ಲೂ ಸಿಗುತ್ತಾರೆ. ಕೇಳಬೇಡಿ. ಎಂಜಿನ್ ಸದಾ ತಣ್ಣಗಿದ್ದರೆ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹೋಗಿ ರಿಂಗ್ ಸವೆಯುತ್ತದೆ. ಹೊಸ ಥರ್ಮೋಸ್ಟಾಟ್ ಹಾಕಿ, ರೇಡಿಯೇಟರ್ ಕೊಳವೆಗಳನ್ನು ಶುಚಿ ಮಾಡಿಸಿ, ಬಾವಿ ನೀರಿನ ಬದಲು ಕೂಲಂಟ್ ಹಾಕಿ. ರೇಡಿಯೇಟರ್ ಕ್ಯಾಪ್ ಕೂಡ ಹೊಸದಿರಲಿ. 0.9 ಬಾರ್ ಒತ್ತಡ ಹಿಡಿಯುವ ಕ್ಯಾಪ್ ಇದ್ದರೆ ನೀರು ಕುದಿಯುವುದು 100ರ ಬದಲು ಸುಮಾರು 118 ಡಿಗ್ರಿಗೆ. ಎರಡನೇ ಗೇರ್‌ನಲ್ಲಿ ಘಾಟಿ ಹತ್ತುವಾಗ ಎದುರಿನ ಗಾಳಿ ಕಡಿಮೆ, ಎಂಜಿನ್ ಶ್ರಮ ಜಾಸ್ತಿ. ಆಗ ಈ 18 ಡಿಗ್ರಿ ಬೇಕೇ ಬೇಕು.

ಬ್ರೇಕ್ ಫ್ಲೂಯಿಡ್ ಹೊಸದು ಹಾಕಿ, ಅದೂ ತೇವ ಹೀರುವಂಥದ್ದೇ. ಪ್ಯಾಡ್, ಹಿಂದಿನ ಶೂ, ಟೈರ್ ನೋಡಿಸಿದ ಮೇಲೆಯೇ ವೇಗದ ಮಾತು.

ಕಾಗದ ಪತ್ರ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಬೇರೆ ಎಂಜಿನ್ ಕೂರಿಸಲು ಆರ್‌ಟಿಓ ಅನುಮತಿ ಬೇಕು. ನಮ್ಮ ದಾರಿಯಲ್ಲಿ ಬ್ಲಾಕ್ ಅದೇ, ಎಂಜಿನ್ ನಂಬರ್ ಅದೇ, ಸಿಸಿ ಅದೇ. ಆದರೂ ಹೆಡರ್ ಮಾಡಿಸುವ ಮೊದಲು ಆರ್‌ಟಿಓ ಕಚೇರಿಯಲ್ಲಿ ಒಮ್ಮೆ ಕೇಳಿ. 15 ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಇದ್ದೇ ಇದೆ. ಹೊಗೆ, ಸದ್ದು ಮಿತಿಯಲ್ಲಿರಲಿ.

ಫಲ ಅಳೆಯುವುದು

ಪ್ರತಿ ಹಂತದ ಮೊದಲು ಮತ್ತು ಆಮೇಲೆ ಅಳೆಯಿರಿ. ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ವಾಹನ ಓಡಾಡದ ಹೊತ್ತಿನಲ್ಲಿ, ಒಂದೇ ಏರಿನಲ್ಲಿ, ಮೂರನೇ ಗೇರ್‌ನಲ್ಲಿ 40ರಿಂದ 70 ಕಿ.ಮೀ. ವೇಗಕ್ಕೆ ಎಷ್ಟು ಸೆಕೆಂಡ್ ಬೇಕು ಅಂತ ಪಕ್ಕದಲ್ಲಿ ಕೂತವರು ನೋಡಲಿ. ಅದಕ್ಕಿಂತ ಜಾಸ್ತಿ ವೇಗದ ಆಸೆಯಿದ್ದರೆ ರಸ್ತೆ ಬೇಡ. ಕೊಯಮತ್ತೂರಿನ ಕಾರಿ ಸ್ಪೀಡ್‌ವೇಯಂಥ ಟ್ರ್ಯಾಕ್‌ಗಳಿವೆ.

ಐನೂರು ಕಿ.ಮೀ. ಓಡಿದ ಮೇಲೆ ಹೆಡರ್ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಟ್ಯಾಪೆಟ್ ಗ್ಯಾಪ್ ನೋಡಿ. ಮತ್ತೆ ಕಂಪ್ರೆಶನ್ ಗೇಜ್ ಹಾಕಿ, ಮೊದಲ ದಿನ ಬರೆದಿಟ್ಟ ನಾಲ್ಕು ಅಂಕಿಗಳ ಪಕ್ಕದಲ್ಲೇ ಹೊಸ ಅಂಕಿ ಬರೆಯಿರಿ. ಯಾವುದಾದರೂ ಇಳಿದಿದ್ದರೆ ಟೈಮಿಂಗ್ ಮತ್ತು ಜೆಟ್ ಎರಡನ್ನೂ ಮರುಪರಿಶೀಲಿಸಿ, ಅಲ್ಲಿಯವರೆಗೆ ಕಾರನ್ನು ಘಾಟಿಗೆ ಒಯ್ಯಬೇಡಿ.