ಮುಯ್ಯಾಳಿನ ದುಡ್ಡು

2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡ ಜರಿದು ಮಲೆಮನೆ, ಮಧುಗುಂಡಿಯಂಥ ಊರುಗಳ ಮನೆ, ತೋಟ ಕೊಚ್ಚಿಹೋದವು. ಸರ್ಕಾರ ಆ ವರ್ಷ ತುರ್ತಿಗೆಂದು 10,000 ರೂಪಾಯಿ, ಮನೆ ಪೂರ್ತಿ ಬಿದ್ದವರಿಗೆ 5 ಲಕ್ಷ ಘೋಷಿಸಿತು. ದೊಡ್ಡ ಮೊತ್ತವೇ. ಆದರೆ ಮಹಜರು, ಪಾಸ್‌ಬುಕ್, ಜಾಗದ ಕಾಗದ ಎಲ್ಲ ಆಗಿ ದುಡ್ಡು ಕೈಗೆ ಬರುವವರೆಗೆ ಒಲೆ ಉರಿಯಬೇಕಲ್ಲ? ಆ ನಡುವಿನ ದಿನಗಳಿಗಾಗಿ ನಾವು ನಾಲ್ವರು ಸೇರಿ 18,000 ರೂಪಾಯಿ ಕೂಡಿಸಿದೆವು. ಕಳಸದ ಸುತ್ತಲಿನ ಮಲೆಕುಡಿಯ ಬುಡಕಟ್ಟಿನವರ ಕಾಲೋನಿಗಳಿಗೆ ಅಂತ.

ಅರ್ಜಿ, ಆಧಾರ್ ಜೆರಾಕ್ಸ್ ಬೇಕು ಎಂಬ ನಿಯಮ ಮಾಡಿದವಳು ನಾನೇ. ಒಬ್ಬ ಅಕ್ಕ ಬಂದರು. ಹಾಲಿನ ಕವರಿನಿಂದ ರೇಷನ್ ಕಾರ್ಡ್ ತೆಗೆದರೆ ಅದು ನೆನೆದು ಮುದ್ದೆಯಾಗಿತ್ತು, ಬಿಡಿಸಲು ಹೋದರೆ ಬೆರಳಿಗೆ ಅಂಟುತ್ತಿತ್ತು. ಜೆರಾಕ್ಸ್ ತನ್ನಿ ಅಂದೆ. ಜೆರಾಕ್ಸ್ ಅಂಗಡಿಗೆ ಹೋಗಬೇಕೆಂದರೆ ಹಳ್ಳ ದಾಟಿ, ಜೀಪು ಹಿಡಿದು ಕಳಸಕ್ಕೇ ಬರಬೇಕು. ಅವರ ಮಗು ಆಸ್ಪತ್ರೆ ಸೇರಿದ್ದು ಎರಡು ದಿನ ತಡವಾಗಿ. ಉಳಿಯಿತು. ಆ ಎರಡು ದಿನದ ಹೊಣೆ ನನ್ನದೇ.

ಆಮೇಲೆ ದುಡ್ಡನ್ನು ಕಾಲೋನಿಯಲ್ಲೇ ಇಟ್ಟೆವು. ಎಲ್ಲರೂ ದೊಡ್ಡಮ್ಮ ಅಂತ ಕರೆಯುವ ಹಿರಿಯರು, ಜೊತೆಗೆ ಇನ್ನಿಬ್ಬರು ಹೆಂಗಸರು, ಒಂದು ಸ್ಟೀಲ್ ಡಬ್ಬಿ, ಅದರಲ್ಲಿ 5,000. ಎರಡು ಸಾವಿರದವರೆಗೆ ನನ್ನನ್ನು ಕೇಳುವ ಹಾಗಿಲ್ಲ. ಮಳೆ ಹಿಡಿದರೆ ನೆಟ್‌ವರ್ಕ್ ಹೋಗುತ್ತದೆ, ಫೋನ್‌ಪೇ ನಂಬಿ ಕೂರಲಾಗದು, ನೋಟೇ ಬೇಕು. ಪುಸ್ತಕದಲ್ಲಿ ತಾರೀಖು, ಮೊತ್ತ, ಕಾರಣ ಒಂದೇ ಮಾತಿನಲ್ಲಿ: ಅಕ್ಕಿ, ಟಾರ್ಪಾಲು, ಹೆರಿಗೆ. ಹೆಸರಿಲ್ಲ, ಫೋಟೊ ಇಲ್ಲ. ಫೋಟೊ ಕೇಳಿದ ಕೆಲವು ದಾನಿಗಳು ಕೊಡುವುದನ್ನು ನಿಲ್ಲಿಸಿದರು. ನಿಲ್ಲಿಸಲಿ.

ಪುಟ ತಿರುವಿದರೆ ಅರ್ಧಕ್ಕಿಂತ ಹೆಚ್ಚು ಸಾಲಿನಲ್ಲಿ ‘ಜೀಪು’ ಅಂತಲೇ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿಗೆ ದುಡ್ಡು ಬೇಡ, ಅಲ್ಲಿಗೆ ತಲುಪುವುದಕ್ಕೆ ಬೇಕು. 108 ಆಂಬುಲೆನ್ಸ್ ಡಾಂಬರು ರಸ್ತೆವರೆಗೆ ಬಂದೀತು. ಭದ್ರೆ ಏರಿ ಹೆಬ್ಬಾಳೆ ಸೇತುವೆ ಮುಳುಗಿದ ದಿನ ಅದೂ ಸುತ್ತಿಕೊಂಡೇ ಬರಬೇಕು.

ಜಾತಿ ಪ್ರಮಾಣಪತ್ರಕ್ಕೆ, ಅರಣ್ಯ ಹಕ್ಕಿನ ಅರ್ಜಿಗೆ ಓಡಾಡುವ ಖರ್ಚನ್ನೂ ಇದೇ ಡಬ್ಬಿಯಿಂದ ಕೊಡುತ್ತೇವೆ. ಅದು ತುರ್ತು ಹೇಗಾಗುತ್ತದೆ ಅಂತ ಗೆಳೆಯರೊಬ್ಬರು ಜಗಳವಾಡಿದರು. 2006ರ ಕಾಯ್ದೆಯಲ್ಲಿ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಆ ಕಾಡಿನಲ್ಲಿ ನೆಲೆಸಿರುವ ಬುಡಕಟ್ಟಿನವರಿಗೆ ಹಕ್ಕಿದೆ. ಆದರೆ ಹಕ್ಕುಪತ್ರ ಕೈಯಲ್ಲಿಲ್ಲದವರು ಮನೆ ಬಿದ್ದಾಗ ಪರಿಹಾರಕ್ಕೆ ಏನು ತೋರಿಸಬೇಕು? ಮುಂದಿನ ಮಳೆಗೆ ಮುಂಚೆ ಆಗಬೇಕಾದ ಕೆಲಸ ತುರ್ತಲ್ಲದೆ ಇನ್ನೇನು?

ವಾಪಸ್ ಕೊಡಬೇಡಿ ಅಂತ ಮೊದಲೇ ಹೇಳಿದ್ದೆ. ದೊಡ್ಡಮ್ಮ ಒಪ್ಪಲಿಲ್ಲ. “ಮುಯ್ಯಿ ತೀರ್ಸೋಕೆ ಬಿಡದಿದ್ರೆ ಅದು ಭಿಕ್ಷೆ ಆಗುತ್ತೆ ಮಗಾ” ಅಂದರು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಅಂತ ನಾಟಿಗೆ ಮುಯ್ಯಾಳು ಹೋಗುವ ಹಾಗೆಯೇ ಇಲ್ಲೂ ಶುರುವಾಯಿತು. ಜೀಪಿನ ದುಡ್ಡು ಪಡೆದವರು ಇನ್ನೊಬ್ಬರ ರೋಗಿಯ ಜೊತೆ ಆಸ್ಪತ್ರೆಯಲ್ಲಿ ರಾತ್ರಿ ಕಳೆದರು. ಟಾರ್ಪಾಲು ಪಡೆದವರು ಪಕ್ಕದವರ ಸೂರಿಗೆ ಗಳ ಕಟ್ಟಿದರು.

ಕಳೆದ ಮಳೆಗಾಲದಲ್ಲಿ ಡಬ್ಬಿಯಲ್ಲಿ ಉಳಿದಿದ್ದದ್ದು 1,140 ರೂಪಾಯಿ. ಲೆಕ್ಕ ನೋಡಲು ಪುಸ್ತಕ ತೆರೆದರೆ ಕೊನೆಯ ಸಾಲು ಹೀಗಿತ್ತು: ‘600. ಹಸಲರ ಕಾಲೋನಿಗೆ. ಟಾರ್ಪಾಲು.’ ಹಸಲರು ಬೇರೊಂದು ಬುಡಕಟ್ಟಿನವರು. ನನ್ನನ್ನು ಯಾರೂ ಕೇಳಿರಲಿಲ್ಲ.