ಮಣ್ಣಿನ ಬಣ್ಣ ಗೋಡೆಗೇರಿದ ಮೇಲೆ ಗುಲಾಬಿಯಾಗದಿರಲು

ಶೇಡ್ ಕಾರ್ಡಿನಲ್ಲಿ ಒಳ್ಳೆಯ ಗೋಧಿ ಬಣ್ಣ. ಗೋಡೆಗೆ ಬಂದಾಗ ಕ್ಯಾಲಮೈನ್ ಲೋಷನ್ ಬಳಿದ ಹಾಗೆ! ಮನೆ ಪೇಂಟ್ ಮಾಡಿಸಿದವರ ಈ ಗೋಳು ಹೊಸದೇನಲ್ಲ. ಮರಳು, ಜೇಡಿ, ಗಂಧ ಎಂದು ಹೆಸರು ಏನೇ ಇರಲಿ, ಇಂಥ ತಿಳಿಬಣ್ಣಗಳ ಒಳಗೆ ಕೆಂಪು, ಹಳದಿ ಅಥವಾ ಹಸಿರಿನ ಛಾಯೆಯೊಂದು ಅಡಗಿರುತ್ತದೆ. ಅದನ್ನು ಎಬ್ಬಿಸುವುದು ನಿಮ್ಮ ಮನೆಯ ನೆಲ ಮತ್ತು ಬೆಳಕು.

1. ಗೋಡೆ: ತೇವ ಇದ್ದರೆ ಮೊದಲು ಅದರ ಮೂಲ ಸರಿಪಡಿಸಿ. ಆಮೇಲೆ ಹಳೆ ಡಿಸ್ಟೆಂಪರ್ ಕೆರೆಸಿ, ಪುಟ್ಟಿ ಹಾಕಿ ಉಜ್ಜಿಸಿ, ಪ್ರೈಮರ್ ಹೊಡೆಸಿ. ಇದೆಲ್ಲ ಪೇಂಟರಿಗೆ ಗೊತ್ತಿರುವ ಕೆಲಸ.

2. ಬಣ್ಣದ ಆಯ್ಕೆ: ಎಲ್ಲರೂ ಎಡವುವುದು ಇಲ್ಲೇ. ಕಾರ್ಡನ್ನು ಅಂಗಡಿಯ ಟ್ಯೂಬ್‌ಲೈಟಿನಡಿ ನೋಡದೆ ಮನೆಗೆ ತನ್ನಿ, ಪಕ್ಕದಲ್ಲೊಂದು ಬಿಳಿ ಹಾಳೆ ಹಿಡಿಯಿರಿ. ಒಳಛಾಯೆ ತಕ್ಷಣ ಎದ್ದು ಕಾಣುತ್ತದೆ. ಕೆಂಪು ಗಾರೆ ನೆಲದ ಮನೆಯಾದರೆ, ಬಿಸಿಲು ನೆಲಕ್ಕೆ ಬಿದ್ದಾಗ ಗೋಡೆಯ ಕೆಳಭಾಗಕ್ಕೆಲ್ಲ ಕೆಂಪು ಹೊಡೆಯುತ್ತದೆ. ಅಲ್ಲಿ ಕೆಂಪಿನ ಎಳೆಯಿರುವ ಬೀಜ್ (ತಿಳಿ ಮರಳು ಬಣ್ಣ) ಬೇಡವೇ ಬೇಡ, ತುಸು ಹಳದಿ ಕಡೆಗಿರುವುದನ್ನು ಹಿಡಿಯಿರಿ. ಕಿಟಕಿಯಾಚೆ ಅಡಿಕೆ ತೋಟವಿದ್ದರೆ ಲೆಕ್ಕ ತಿರುಗಾಮುರುಗಾ: ಹಸಿರು ಮಿಶ್ರಿತ ಬೂದು ಪಾಚಿಗಟ್ಟಿದಂತೆ ಕಂಡೀತು.

ಇನ್ನು ಸ್ಯಾಂಪಲ್. ಬಹಳಷ್ಟು ಅಂಗಡಿಗಳಲ್ಲಿ ಚಿಕ್ಕ ಡಬ್ಬಿ ಸಿಗುತ್ತದೆ. ಹಳೆ ಬಣ್ಣದ ಮೇಲೆ ಬಳಿದರೆ ದಂಡ. ಪ್ರೈಮರ್ ಆದ ಗೋಡೆಯಲ್ಲಿ ಎರಡಡಿ ಚೌಕ, ಎರಡು ಕೋಟ್ ಬಳಿಯಿರಿ. ಕಿಟಕಿಯ ಎದುರಿನ ಗೋಡೆಗೊಂದು, ಕಿಟಕಿ ಇರುವ ಗೋಡೆಗೊಂದು. ಎರಡು ಸ್ಯಾಂಪಲ್ ಒಂದಕ್ಕೊಂದು ತಾಗದಿರಲಿ, ನಡುವೆ ಬಿಳಿ ಉಳಿಯಲಿ. ಹಸಿಯಿರುವಾಗ ತೀರ್ಮಾನ ಬೇಡ, ಎಮಲ್ಷನ್ (ನೀರು ಬೆರೆಸಿ ಬಳಿಯುವ ಗೋಡೆ ಬಣ್ಣ) ಒಣಗಿದರೆ ಸ್ವಲ್ಪ ಗಾಢವಾಗುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪ ಹಾಕಿ ನೋಡಿ. ಫೋಟೊ ತೆಗೆದು ಅಣ್ಣ-ತಂಗಿಯರ ಗ್ರೂಪಿಗೆ ಹಾಕಿ ಅಭಿಪ್ರಾಯ ಕೇಳಬೇಡಿ. ಮೊಬೈಲು ತನಗೆ ತೋಚಿದ ಬಣ್ಣ ತೋರಿಸುತ್ತದೆ.

ಬಲ್ಬಿನ ಪೊಟ್ಟಣದ ಮೇಲಿರುವ ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಸಂಖ್ಯೆಯ ಮೇಲೂ ಕಣ್ಣಾಡಿಸಿ. 6500 ಕೆಲ್ವಿನ್‌ನ ಬಿಳಿ ಎಲ್‌ಇಡಿಯಡಿ ಮಣ್ಣಿನ ಬಣ್ಣ ಬೂದಿ ಬಡಿದಂತೆ ಕಾಣುತ್ತದೆ, 2700–3000ರ ಹಳದಿ ಬೆಳಕಿನಲ್ಲಿ ಜೀವ ಬರುತ್ತದೆ. ಬಲ್ಬು ಬದಲಿಸುವುದು ಗೋಡೆ ಬದಲಿಸುವುದಕ್ಕಿಂತ ಅಗ್ಗ.

3. ಖರೀದಿ: ಬೇಕಾದಷ್ಟನ್ನೂ ಒಂದೇ ಸಲ, ಮೆಷಿನ್‌ನಲ್ಲೇ ಕಲಸಿದ್ದು ತನ್ನಿ. ಎರಡು ಬಕೆಟ್ ಬಂದರೆ ದೊಡ್ಡ ಡ್ರಮ್ಮಿಗೆ ಸುರಿದು ಬೆರೆಸಿ. “ಬಿಳಿ ತನ್ನಿ ಸಾರ್, ಸ್ಟೈನರ್ ಹಾಕಿ ಅದೇ ಕಲರ್ ಮಾಡಿಕೊಡ್ತೀನಿ” ಎನ್ನುವ ಪೇಂಟರ್ ಸಿಗುತ್ತಾರೆ (ಸ್ಟೈನರ್ ಎಂದರೆ ಬಿಳಿಗೆ ಬೆರೆಸುವ ಗಾಢ ಬಣ್ಣ). ಒಪ್ಪಬೇಡಿ, ಮುಂದೆ ತೇಪೆ ಹಾಕುವಾಗ ಆ ಬಣ್ಣ ಅವರ ಕೈಗೂ ಸಿಗುವುದಿಲ್ಲ. ಕೈಯಿಟ್ಟರೆ ಪುಡಿ ಅಂಟುವ ಅಗ್ಗದ ಡಿಸ್ಟೆಂಪರಿಗಂತೂ ದುಡ್ಡು ಹಾಕಬೇಡಿ.

4. ಬಳಿಯುವುದು: ಎರಡು ಕೋಟ್, ನಡುವೆ ನಾಲ್ಕು ಗಂಟೆ; ಮಳೆಗಾಲದಲ್ಲಿ ಇನ್ನೂ ಹೆಚ್ಚು. ಹಾಲ್, ಕೋಣೆಗಳಿಗೆ ಮ್ಯಾಟ್ ಫಿನಿಷ್ಷೇ ಸರಿ. ಹೊಳಪಿನದು ಬಳಿದರೆ ಗೋಡೆಯ ಏರುತಗ್ಗೆಲ್ಲ ಎದ್ದು ಕಾಣುತ್ತದೆ. ಅಡುಗೆಮನೆಗೆ ಮಾತ್ರ ಒರೆಸಿದರೆ ಕಲೆ ಹೋಗುವಂಥದ್ದು ಇರಲಿ. ಟಿವಿ ಹಿಂದಿನ ಗೋಡೆಗೊಂದೇ ಗಾಢ ಕಂದು ಹೊಡೆಸುವ ಫ್ಯಾಷನ್ ಬಿಟ್ಟುಬಿಡಿ. ಚಾವಣಿಗೆ ನೀಲಿ ಹೊಡೆಯುವ ಅಚ್ಚಬಿಳಿ ಬೇಡ, ಕೆನೆಬಿಳಿ ಸಾಕು.

ಮಿಕ್ಕ ಬಣ್ಣವನ್ನು ಚಿಕ್ಕ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿ, ಶೇಡ್ ನಂಬರನ್ನು ಮುಚ್ಚಳದ ಮೇಲಲ್ಲ, ಡಬ್ಬಿಯ ಮೇಲೇ ಬರೆಯಿರಿ. ಮುಚ್ಚಳ ಅದಲುಬದಲಾಗುತ್ತದೆ.